ಸಹಕಾರ ಮಳಿಗೆಯ ‘ಸ್ಥಳೀಯ’ ಅಕ್ಕಿ, ಆಲೂಗಡ್ಡೆ: ಕೊಳ್ಳುವ ಮುನ್ನ ಏನನ್ನು ಕೇಳಬೇಕು?

ಪ್ರಶ್ನೆ
ವಿದ್ಯಾನಗರದ ಗೃಹಿಣಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ವಿದ್ಯಾನಗರದಲ್ಲಿ ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇವೆ. ಇಷ್ಟು ದಿನ ತರಕಾರಿಯನ್ನು ಕಟ್ಟಿನಕೆರೆ ಮಾರುಕಟ್ಟೆಯಿಂದಲೂ ದಿನಸಿಯನ್ನು ಮನೆಯ ಹತ್ತಿರದ ಅಂಗಡಿಯಿಂದಲೂ ತರುವುದು ನಮ್ಮ ರೂಢಿಯಾಗಿತ್ತು. ಈ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಸಮೀಪದ ಗ್ರಾಹಕರ ಸಹಕಾರ ಸಂಘವೊಂದು ತನ್ನ ಮಳಿಗೆಯ ಒಂದು ಬದಿಯನ್ನು ಪೂರ್ತಿಯಾಗಿ ಜಿಲ್ಲೆಯ ರೈತರು ಬೆಳೆದ ಪದಾರ್ಥಗಳಿಗೆ ಮೀಸಲಿಟ್ಟಿತು. ಹೊಳೆನರಸೀಪುರದ ಕಡೆಯ ರಾಜಮುಡಿ ಅಕ್ಕಿ, ಅರಸೀಕೆರೆಯ ರಾಗಿ ಮತ್ತು ತೆಂಗಿನಕಾಯಿ, ಸಕಲೇಶಪುರದ ಏಲಕ್ಕಿ ಮತ್ತು ಕಾಳುಮೆಣಸು, ಬೆಲ್ಲ, ಸೊಪ್ಪು, ಆಲೂಗಡ್ಡೆ ಇವೆಲ್ಲ ಒಂದೇ ಕಡೆ ಸಿಗುವುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ನಮ್ಮ ಜಿಲ್ಲೆಯ ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಸೇರುವುದಾದರೆ ನಾವು ಕೊಂಚ ಹೆಚ್ಚು ಕೊಟ್ಟರೂ ಸರಿ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿ, ತಿಂಗಳ ಸಾಮಾನಿನಲ್ಲಿ ಅರ್ಧದಷ್ಟನ್ನು ಅಲ್ಲಿಂದಲೇ ತರಲಾರಂಭಿಸಿದೆವು.

ಆದರೆ ಜೂನ್ ತಿಂಗಳಲ್ಲಿ ನಡೆದ ಒಂದು ಪ್ರಸಂಗದಿಂದ ಮನಸ್ಸಿನಲ್ಲಿ ಅನುಮಾನ ಹುಟ್ಟಿದೆ. ‘ಹಾಸನದ ಆಲೂಗಡ್ಡೆ’ ಎಂಬ ಚೀಟಿ ಅಂಟಿಸಿದ್ದ ಕ್ರೇಟಿನಿಂದ ಎರಡು ಕಿಲೋ ತಂದಿದ್ದೆ. ನಮ್ಮ ಅತ್ತೆಯವರು ಆಲೂರು ತಾಲ್ಲೂಕಿನ ಬೇಸಾಯದ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರು ಒಂದು ಗಡ್ಡೆಯನ್ನು ಕೈಗೆತ್ತಿಕೊಂಡು, ಸಿಪ್ಪೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, “ಇದು ನಮ್ಮ ಕಡೆಯದಲ್ಲ ಕಣಮ್ಮ, ಅಲ್ಲಿ ಈಗ ಬಿತ್ತನೆಯಾಗಿ ಗಿಡ ಮೇಲೇಳುವ ಹೊತ್ತು, ಕೀಳುವ ಕಾಲವಲ್ಲ” ಎಂದರು. ಮರುದಿನ ಮಳಿಗೆಯಲ್ಲಿ ಕೇಳಿದಾಗ, ಕೌಂಟರಿನಲ್ಲಿದ್ದ ಹುಡುಗಿ ಪಾಪ ಏನೂ ತಿಳಿಯದೆ, “ಹಾಸನದ ಮಂಡಿಯಿಂದಲೇ ಬಂದದ್ದು ಮೇಡಂ” ಎಂದಳು. ಅವಳು ಸುಳ್ಳು ಹೇಳಿದಳೆಂದು ನಾನು ಭಾವಿಸುವುದಿಲ್ಲ. ಇನ್ನೊಂದು ವಿಷಯವೆಂದರೆ, ಅದೇ ಮಳಿಗೆಯಿಂದ ತಂದ ಹತ್ತು ಕಿಲೋ ರಾಜಮುಡಿಯಲ್ಲಿ ಐದು ವಾರ ಕಳೆಯುವುದರೊಳಗೆ ನುಸಿ ಕಾಣಿಸಿಕೊಂಡಿತು.

ಸ್ಥಳೀಯ ಎಂಬ ಮಾತನ್ನು ಗ್ರಾಹಕರಾದ ನಾವು ಹೇಗೆ ಪರಿಶೀಲಿಸಬೇಕು, ಯಾವ ಪದಾರ್ಥವನ್ನು ಯಾವ ತಿಂಗಳಿನಲ್ಲಿ ಎಷ್ಟು ಕೊಳ್ಳಬೇಕು, ಸಂಘದ ಷೇರು ಪಡೆದು ಸದಸ್ಯಳಾದರೆ ಇವುಗಳ ಬಗ್ಗೆ ಕೇಳುವ ಹಕ್ಕು ನನಗೆ ಬರುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಮಳಿಗೆಯನ್ನು ಬಿಟ್ಟುಬಿಡುವ ಮನಸ್ಸು ನನಗಿಲ್ಲ. ಅದು ಸರಿಯಾಗಿ ನಡೆಯಬೇಕೆಂಬುದೇ ನನ್ನ ಆಸೆ.

ಉತ್ತರ 1
ಗ್ರಾಹಕರ ಸಂಘವೊಂದರ ಮಾಜಿ ನಿರ್ದೇಶಕ, ಹಾಸನ

ಮಾನ್ಯರೇ, ತಮ್ಮ ಪ್ರಶ್ನೆ ಬಹಳ ಸಮಂಜಸವಾದುದು. ನಾನು ಬೇರೊಂದು ಗ್ರಾಹಕರ ಸಂಘದಲ್ಲಿ ಎರಡು ಅವಧಿಗೆ ನಿರ್ದೇಶಕನಾಗಿದ್ದವನು. ಆ ಅನುಭವದಿಂದ ಬರೆಯುತ್ತಿದ್ದೇನೆ.

ಕೌಂಟರಿನ ಹುಡುಗಿ ಹೇಳಿದ ಮಾತಿನಲ್ಲಿಯೇ ತಮ್ಮ ಅನುಮಾನಕ್ಕೆ ಉತ್ತರವಿದೆ. ಮಳಿಗೆಯಲ್ಲಿ ‘ಸ್ಥಳೀಯ’ ಎಂಬ ಒಂದೇ ಪದವನ್ನು ಮೂರು ಅರ್ಥದಲ್ಲಿ ಬಳಸುತ್ತಾರೆ: ಇಲ್ಲಿ ಬೆಳೆದದ್ದು, ಇಲ್ಲಿ ಪ್ಯಾಕ್ ಮಾಡಿದ್ದು, ಇಲ್ಲಿನ ವರ್ತಕರಿಂದ ಕೊಂಡದ್ದು. ಹಾಸನದ ಮಂಡಿಗೆ ಉತ್ತರ ಭಾರತದ ಶೀತಲಗೃಹದ ಆಲೂಗಡ್ಡೆಯೂ ಬರುತ್ತದೆ, ನಾಸಿಕದ ಈರುಳ್ಳಿಯೂ ಬರುತ್ತದೆ. ಅಲ್ಲಿ ಕೊಂಡು ತಂದ ಗುಮಾಸ್ತನಿಗೆ ಅವೆಲ್ಲವೂ ‘ಹಾಸನದ ಮಾಲು’. ಆದ್ದರಿಂದ “ಇದು ಸ್ಥಳೀಯವೇ?” ಎಂದು ಕೇಳಬೇಡಿ, “ಯಾವ ಊರಿನ ರೈತರು, ಯಾವ ದಿನ ತಂದುಕೊಟ್ಟದ್ದು?” ಎಂದು ಕೇಳಿ. ಮೊದಲ ಪ್ರಶ್ನೆಗೆ ಯಾರೂ ಹೌದು ಎನ್ನಬಹುದು, ಎರಡನೆಯದಕ್ಕೆ ಖರೀದಿ ಪುಸ್ತಕ ತೆಗೆದು ನೋಡಲೇಬೇಕಾಗುತ್ತದೆ. ಪುಸ್ತಕದಲ್ಲಿ ರೈತರ ಹೆಸರಿನ ಬದಲು ಮಂಡಿಯ ಬಿಲ್ಲಿನ ಸಂಖ್ಯೆ ಇದ್ದರೆ ಆ ಪದಾರ್ಥದ ಮೂಲ ಯಾರಿಗೂ ಗೊತ್ತಿಲ್ಲವೆಂದೇ ತಿಳಿಯಬೇಕು.

ಈ ಗೊಂದಲಕ್ಕೆ ಹಳೆಯ ಕಾರಣವೂ ಒಂದಿದೆ. ನಮ್ಮ ಗ್ರಾಹಕರ ಸಹಕಾರ ಭಂಡಾರಗಳಲ್ಲಿ ಬಹಳಷ್ಟು ಹುಟ್ಟಿಕೊಂಡದ್ದು 1962ರ ಚೀನಾ ಯುದ್ಧದ ನಂತರ, ಬೆಲೆ ಏರಿಕೆಯನ್ನು ತಡೆಯಲು ಕೇಂದ್ರ ಸರ್ಕಾರ ತಂದ ಯೋಜನೆಯ ಫಲವಾಗಿ. ಅಕ್ಕಿ, ಸಕ್ಕರೆ, ಬೇಳೆ, ಸಾಬೂನು ನ್ಯಾಯಬೆಲೆಗೆ ಸಿಗಬೇಕು, ತೂಕ ಸರಿಯಿರಬೇಕು ಎಂಬುದೇ ಆಗಿನ ಗುರಿ. ಪದಾರ್ಥ ಯಾವ ಹೊಲದಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ, ಹಾಗಾಗಿ ಅದನ್ನು ಬರೆದಿಡುವ ಪದ್ಧತಿಯೂ ಬೆಳೆಯಲಿಲ್ಲ. ಇಂದು ತಮ್ಮಂತಹ ಗ್ರಾಹಕರು ಕೇಳುತ್ತಿರುವುದು ಸಂಘಗಳಿಗೆ ಹೊಸ ಕೆಲಸ. ಅವು ಕಲಿಯಬೇಕು, ಕಲಿಸುವವರು ನಾವಾಗಬೇಕು.

ಸದಸ್ಯತ್ವದ ವಿಷಯ. ದಯವಿಟ್ಟು ಷೇರು ಪಡೆಯಿರಿ. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಪ್ರಕಾರ ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಷೇರು ಇಟ್ಟವನಿಗೂ ಒಂದು ಷೇರು ಇಟ್ಟವನಿಗೂ ಅದರಲ್ಲಿ ವ್ಯತ್ಯಾಸವಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿದ ಮೇಲೆ ಆರು ತಿಂಗಳ ಒಳಗೆ, ಅಂದರೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ವಾರ್ಷಿಕ ಸರ್ವ ಸದಸ್ಯರ ಸಭೆ ನಡೆಯುತ್ತದೆ. ಅಲ್ಲಿಗೆ ಹೋಗಿ ಊಟ ಮಾಡಿ ಸಿಹಿ ಪೊಟ್ಟಣ ತೆಗೆದುಕೊಂಡು ಬರುವವರೇ ಹೆಚ್ಚು. ಲೆಕ್ಕಪತ್ರದ ಪುಟ ತಿರುವುವವರು ಕಡಿಮೆ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ತಾವು ಮುಂಚಿತವಾಗಿ ಕಾರ್ಯದರ್ಶಿಯವರಿಗೆ ಒಂದು ಅರ್ಜಿ ಕೊಟ್ಟು, ‘ಸ್ಥಳೀಯ ಎಂದು ಮಾರುವ ಪ್ರತಿ ಪದಾರ್ಥದ ಮುಂದೆ ಊರಿನ ಹೆಸರನ್ನೂ ಬಂದ ದಿನಾಂಕವನ್ನೂ ಬರೆಯತಕ್ಕದ್ದು, ಹೊರಗಿನಿಂದ ತಂದದ್ದನ್ನು ಹೊರಗಿನದೆಂದೇ ಬರೆಯತಕ್ಕದ್ದು’ ಎಂಬ ಒಂದೇ ವಿಷಯವನ್ನು ಸಭೆಯ ಮುಂದಿಡಲು ಕೋರಿರಿ. ಇದಕ್ಕೆ ಸಂಘಕ್ಕೆ ಆಗುವ ಖರ್ಚು ಒಂದು ಕಪ್ಪು ಹಲಗೆ ಮತ್ತು ಸೀಮೆಸುಣ್ಣ.

ಪ್ಯಾಕ್ ಮಾಡಿದ ಪದಾರ್ಥವಾದರೆ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮತ್ತು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಆ ಸಂಖ್ಯೆ ಇದ್ದ ಮಾತ್ರಕ್ಕೆ ಪದಾರ್ಥ ನಮ್ಮ ಜಿಲ್ಲೆಯದೆಂದಾಗಲಿ ಸಾವಯವವೆಂದಾಗಲಿ ಅರ್ಥವಲ್ಲ.

ಉತ್ತರ 2
ಕುವೆಂಪುನಗರದ ಓದುಗ, ಹಾಸನ

ಇಷ್ಟೆಲ್ಲ ವಿಚಾರಿಸಿ, ಕಿಲೋಗೆ ಎಂಟು ಹತ್ತು ರೂಪಾಯಿ ಹೆಚ್ಚು ಕೊಟ್ಟು ಸಹಕಾರ ಮಳಿಗೆಯಲ್ಲಿಯೇ ಏಕೆ ಕೊಳ್ಳಬೇಕೆಂಬುದು ನನಗೆ ಇನ್ನೂ ಸ್ಪಷ್ಟವಾಗಿಲ್ಲ. ಸಂತೆಗೆ ಹೋದರೆ ಬೆಳೆದವರೇ ಸೊಪ್ಪು ತರಕಾರಿ ಹರಡಿಕೊಂಡು ಕುಳಿತಿರುತ್ತಾರೆ, ಅವರನ್ನೇ ಕೇಳಬಹುದು. ನಾನು ತಿಂಗಳ ಸಂಬಳದಲ್ಲಿ ಐದು ಜನರ ಸಂಸಾರ ನಡೆಸುವವನು. ಹೆಚ್ಚು ಕೊಟ್ಟ ಹಣ ರೈತರಿಗೆ ಸೇರುತ್ತದೆಯೋ ಮಳಿಗೆಯ ಬಾಡಿಗೆಗೆ ಸೇರುತ್ತದೆಯೋ ತಿಳಿಯದೆ ಕೊಡುವುದು ಕಷ್ಟ. ಈ ಮಾತನ್ನು ಆಕ್ಷೇಪಣೆ ಎಂದು ತಿಳಿಯದೆ ಪ್ರಶ್ನೆ ಎಂದೇ ತಿಳಿಯಬೇಕು.

ಉತ್ತರ 3
ಆಲೂಗಡ್ಡೆ ಬೆಳೆಗಾರ, ಆಲೂರು ತಾಲ್ಲೂಕು

ಕುವೆಂಪುನಗರದ ಸ್ನೇಹಿತರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಬೆಳೆಯುವವರ ಕಡೆಯಿಂದ ಹೇಳುತ್ತೇನೆ. ಅದಕ್ಕೂ ಮುಂಚೆ, ಪ್ರಶ್ನೆ ಕೇಳಿದ ಅಕ್ಕನವರ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಬೇಕು. ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ನಮ್ಮ ಕಡೆ ಮೇ ತಿಂಗಳ ಮಳೆ ಬಿದ್ದು ಭೂಮಿ ಹದವಾದಾಗ ಆಲೂಗಡ್ಡೆ ಬಿತ್ತನೆ ಆರಂಭವಾಗುತ್ತದೆ. ಸುಮಾರು ಮೂರು ತಿಂಗಳ ಬೆಳೆ. ಆಗಸ್ಟ್‌ನಿಂದ ಸೆಪ್ಟೆಂಬರಿನವರೆಗೆ ಕೀಳುತ್ತೇವೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಎಪಿಎಂಸಿಗೆ ಬರುತ್ತದೆ. ಹೆಚ್ಚಾಗಿ ಹಾಕುತ್ತಿದ್ದ ತಳಿ ಕುಫ್ರಿ ಜ್ಯೋತಿ. ಬಿತ್ತನೆ ಪಂಜಾಬಿನದಾದರೂ ಮಣ್ಣು ಮಳೆ ನಮ್ಮದು, ಬೆವರು ನಮ್ಮದು, ಆದ್ದರಿಂದ ಅದನ್ನು ಹಾಸನದ ಆಲೂಗಡ್ಡೆ ಎನ್ನುವುದರಲ್ಲಿ ತಪ್ಪಿಲ್ಲ. ಜುಲೈನಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಬರುತ್ತದೆ. ಸಂಜೆ ಹಸಿರಾಗಿದ್ದ ಹೊಲದ ಎಲೆಯಂಚಿನಲ್ಲಿ ನೀರು ಬಿದ್ದಂತಹ ಕಲೆಗಳು ಕಾಣಿಸಿಕೊಂಡು, ನಾಲ್ಕೈದು ದಿನಗಳಲ್ಲಿ ಇಡೀ ಹೊಲ ಬೆಂಕಿ ತಗುಲಿದಂತೆ ಕರಕಾಗಿ, ಹತ್ತಿರ ಹೋದರೆ ಕೊಳೆತ ವಾಸನೆ ಬರುತ್ತದೆ. ಈ ರೋಗದ ಭಯ ಮತ್ತು ಬೆಲೆಯ ಏರಿಳಿತದಿಂದಲೇ ನಮ್ಮಲ್ಲಿ ಬಹಳ ಜನ ಶುಂಠಿಗೂ ಮುಸುಕಿನ ಜೋಳಕ್ಕೂ ಹೋದರು. ರೋಗವಿಲ್ಲದ ಬಿತ್ತನೆಗಾಗಿ ಕುಡಿಗಳನ್ನು ಬೇರು ಬರಿಸಿ ನಾಟಿ ಮಾಡುವ ವಿಧಾನವನ್ನು ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಯಲ್ಲಿ ಬಳಕೆಗೆ ತರುತ್ತಿದ್ದಾರೆ. ಅದು ವ್ಯಾಪಕವಾಗಿ ನಿಂತರೆ ಜಲಂಧರಿನ ಅವಲಂಬನೆ ತಗ್ಗೀತು.

ಒಂದು ವಿಷಯವನ್ನು ಮುಚ್ಚಿಡುವುದಿಲ್ಲ. ಅಂಗಮಾರಿ ತಡೆಯಲು ನಾನು ಮ್ಯಾಂಕೋಜೆಬ್ ಎಂಬ ರಾಸಾಯನಿಕ ಶಿಲೀಂಧ್ರನಾಶಕವನ್ನು ಸಿಂಪಡಿಸುತ್ತೇನೆ. ಸ್ಥಳೀಯ ಎಂದರೆ ಸಾವಯವ ಎಂದು ತಿಳಿದು ಖರೀದಿಸಿದರೆ ನನ್ನಂತಹ ರೈತ ಮೋಸ ಮಾಡಿದಂತಾಗುತ್ತದೆ. ಕೊನೆಯ ಸಿಂಪಡಣೆಯಾಗಿ ಎಷ್ಟು ದಿನದ ಮೇಲೆ ಕಿತ್ತಿರಿ ಎಂದು ಕೇಳಿ; ಹೇಳಲು ನಾವು ಸಿದ್ಧ. ಸಾವಯವವೇ ಬೇಕೆನ್ನುವವರು ಪಿಜಿಎಸ್ (ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸಿ ಕೊಡುವ ಸಾವಯವ ಪ್ರಮಾಣ) ಗುರುತನ್ನು ನೋಡಬೇಕು. ಅದರಲ್ಲಿಯೂ ‘ಪಿಜಿಎಸ್ ಗ್ರೀನ್’ ಎಂದರೆ ಸಾವಯವಕ್ಕೆ ಬದಲಾಗುತ್ತಿರುವ ಹಂತದ ಭೂಮಿ, ‘ಪಿಜಿಎಸ್ ಆರ್ಗ್ಯಾನಿಕ್’ ಎಂದರೆ ಬದಲಾವಣೆ ಮುಗಿದ ಭೂಮಿ.

ಈಗ ದುಡ್ಡಿನ ಮಾತು. ಮೂರು ವರ್ಷದ ಹಿಂದೆ ನಲವತ್ತೆರಡು ಚೀಲವನ್ನು ಒಬ್ಬ ದಲ್ಲಾಳಿಗೆ ಹಾಕಿದ್ದೆ. ಮಣ್ಣಿದೆ, ತೇವವಿದೆ ಎಂದು ಚೀಲಕ್ಕೆ ಎರಡು ಕಿಲೋ ಸೂಟು, ಅಂದರೆ ತೂಕದ ಕಡಿತ, ತೆಗೆದರು. ಗೋಲಿ ಗಾತ್ರದ್ದನ್ನು ಬೇರೆ ಮಾಡಿ ಅರ್ಧ ಬೆಲೆ ಕಟ್ಟಿದರು. ಇಳಿಸಿದ ಕೂಲಿ ಹಿಡಿದರು. ಉಳಿದ ಹಣ ಕೈಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಈಗ ನಾನು ನಗರದ ಒಂದು ಸಹಕಾರ ಮಳಿಗೆಗೆ ವಾರಕ್ಕೆ ಆರು ಚೀಲ ಕೊಡುತ್ತೇನೆ. ಅವರು ಕೊಡುವ ಬೆಲೆ ಮಂಡಿಗಿಂತ ಬಹಳ ಹೆಚ್ಚೇನಲ್ಲ, ಒಮ್ಮೊಮ್ಮೆ ಸಮವೇ. ಆದರೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನನ್ನ ಕಣ್ಣೆದುರೇ ತೂಗುತ್ತಾರೆ, ಸೂಟು ಇಲ್ಲ, ಏಳು ದಿನದಲ್ಲಿ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ರೈತನಿಗೆ ಮುಂದಿನ ವಾರ ಎಷ್ಟು ಬೇಕು ಎಂಬುದು ಇಂದೇ ಗೊತ್ತಾದರೆ ಅಷ್ಟನ್ನೇ ಕೀಳುತ್ತಾನೆ, ಉಳಿದದ್ದು ಮಣ್ಣಿನಲ್ಲಿ ಕೆಲವು ದಿನ ಸುರಕ್ಷಿತವಾಗಿರುತ್ತದೆ. ತಾವು ಕೊಡುವ ಎಂಟು ರೂಪಾಯಿಯಲ್ಲಿ ನನಗೆ ಎಷ್ಟು ಸೇರಿತು ಎಂಬುದು ಸಂಘದ ಖರೀದಿ ಪುಸ್ತಕದಲ್ಲಿ ಇರುತ್ತದೆ. ಖರೀದಿ ಬೆಲೆಯನ್ನೂ ಆ ಕಪ್ಪು ಹಲಗೆಯ ಮೇಲೆ ಬರೆಸಿದರೆ ನನಗಂತೂ ಸಂತೋಷವೇ.

ಗಡ್ಡೆಯನ್ನು ಗುರುತಿಸುವುದು ಹೀಗೆ: ಹೊಸದಾಗಿ ಕಿತ್ತ ನಮ್ಮ ಗಡ್ಡೆಯ ಸಿಪ್ಪೆ ತೆಳ್ಳಗಿದ್ದು ಹೆಬ್ಬೆರಳಿನಿಂದ ಉಜ್ಜಿದರೆ ಪೊರೆಯಂತೆ ಸುಲಿದು ಬರುತ್ತದೆ. ತಿಂಗಳುಗಟ್ಟಲೆ ಶೀತಲಗೃಹದಲ್ಲಿ ಇದ್ದ ಗಡ್ಡೆಯ ಸಿಪ್ಪೆ ಬಲಿತು ಅಂಟಿಕೊಂಡಿರುತ್ತದೆ. ತಣ್ಣಗೆ ಇಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗುವುದರಿಂದ ಅದು ಸಿಹಿಯಾಗುತ್ತದೆ, ಎಣ್ಣೆಯಲ್ಲಿ ಕರಿದರೆ ಬೇಗ ಕಪ್ಪಾಗುತ್ತದೆ. ಮಳೆಗಾಲದ ನಮ್ಮ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಬಹಳ ದಿನ ಇಡಲು ಬರುವುದಿಲ್ಲ. ವಾರಕ್ಕೆ ಬೇಕಾದಷ್ಟೇ ತನ್ನಿ, ತೊಳೆಯದೆ, ಬೆಳಕು ಬೀಳದ ಕಡೆ ಬಿದಿರು ಬುಟ್ಟಿಯಲ್ಲಿ ಹರಡಿಡಿ, ಹಸಿರು ತಿರುಗಿದ್ದನ್ನು ಬಳಸಬೇಡಿ. ಗೋಲಿ ಗಾತ್ರದವನ್ನು ದಯವಿಟ್ಟು ಬಿಟ್ಟು ಬರಬೇಡಿ. ಸಿಪ್ಪೆ ಸಹಿತ ಬೇಯಿಸಿ ಒಗ್ಗರಣೆ ಹಾಕಿದರೆ ಅದರ ರುಚಿ ದೊಡ್ಡದಕ್ಕೆ ಬರುವುದಿಲ್ಲ. ಗ್ರಾಹಕರು ಅವನ್ನು ಕೊಂಡರೆ ಮಾತ್ರ ಸಂಘದವರು ಇಡೀ ಹೊಲದ ಫಸಲನ್ನು ನಮ್ಮಿಂದ ತೆಗೆದುಕೊಳ್ಳಲು ಸಾಧ್ಯ.

ಉತ್ತರ 4
ಸಹಕಾರ ಮಳಿಗೆಯ ಸದಸ್ಯೆ, ಚಿಕ್ಕಮಗಳೂರು

ಆಲೂರಿನ ಅಣ್ಣನವರು ಬರೆದದ್ದನ್ನು ಓದಿ ಮನಸ್ಸು ತುಂಬಿತು. ಅಕ್ಕಿಗೆ ನುಸಿ ಬಿದ್ದ ವಿಷಯದಲ್ಲಿ ನನ್ನ ಅನುಭವವನ್ನು ಹೇಳಬಯಸುತ್ತೇನೆ.

ರಾಜಮುಡಿಯನ್ನು ಪೂರ್ತಿ ಪಾಲಿಶ್ ಮಾಡದೆ ಮಾರುವುದರಿಂದ ತೌಡಿನ ಪದರ ಉಳಿದಿರುತ್ತದೆ. ಆ ಪದರದ ಎಣ್ಣೆಯಂಶದಿಂದ ಅಕ್ಕಿ ಬೇಗ ಕಮಟು ಹಿಡಿಯುತ್ತದೆ, ಹುಳುವಿಗೂ ಅದೇ ಪ್ರಿಯ. ಮೂತಿಹುಳುವಿನ ಮೊಟ್ಟೆ ಕಾಳಿನ ಒಳಗೇ ಇರುವುದರಿಂದ ಕೊಳ್ಳುವಾಗ ಕಣ್ಣಿಗೆ ಕಾಣುವುದಿಲ್ಲ, ತಿಂಗಳ ಮೇಲೆ ಹೊರಬರುತ್ತದೆ. ಹೀಗಾಗಿ ತಪ್ಪು ರೈತನದಾಗಿರಬೇಕೆಂದೇನೂ ಇಲ್ಲ. ಫಸಲು ಬರುವುದು ವರ್ಷದ ಕೊನೆಯಲ್ಲಿ. ಅದನ್ನು ಒಮ್ಮೆಗೇ ಅಕ್ಕಿ ಮಾಡಿಸಿ ಮೂಟೆ ಕಟ್ಟಿ ಮುಂಗಾರಿನ ತೇವದಲ್ಲಿ ಇಟ್ಟರೆ ಈ ತೊಂದರೆ ಬಂದೇ ಬರುತ್ತದೆ. ನಮ್ಮ ಮಳಿಗೆಯವರು ಈಗ ಭತ್ತವನ್ನೇ ಕೊಂಡು ಇಟ್ಟು, ಪ್ರತಿ ತಿಂಗಳು ಬೇಕಾದಷ್ಟನ್ನು ಮಾತ್ರ ಮಿಲ್ಲಿಗೆ ಕಳುಹಿಸುತ್ತಾರೆ. ಚೀಲದ ಮೇಲೆ ಮಿಲ್ಲು ಮಾಡಿಸಿದ ದಿನಾಂಕವನ್ನು ಬರೆಯುತ್ತಾರೆ. ತಾವು ಸಹ ಆ ದಿನಾಂಕವನ್ನೇ ಕೇಳಿ. ಹತ್ತು ಕಿಲೋ ಬೇಡ, ತಿಂಗಳಿಗೆ ಸಾಕಾಗುವಷ್ಟನ್ನೇ ಕೊಂಡು, ಒಣಗಿದ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಿ.

ರಾಗಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದ ಧಾನ್ಯ ಅದು. ಕಡೂರು, ಅರಸೀಕೆರೆ ಕಡೆಯ ಹೊಸ ರಾಗಿ ಬಂದಾಗ ಒಂದು ಚೀಲ ಕೊಂಡು ಸ್ವಚ್ಛ ಮಾಡಿಟ್ಟುಕೊಳ್ಳಬಹುದು. ಹಿಟ್ಟನ್ನು ಮಾತ್ರ ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಬೇಕು. ಅವರೆಕಾಯಿಗಾಗಿ ಚಳಿಗಾಲದವರೆಗೆ ಕಾಯಿರಿ. ಸೊಗಡವರೆಯ ಸಿಪ್ಪೆ ಮುಟ್ಟಿದರೆ ಬೆರಳಿಗೆ ಅಂಟು ಅಂಟಾಗಿ ಎಣ್ಣೆ ಹತ್ತಿ, ಕೈ ತೊಳೆದ ಮೇಲೂ ಆ ವಾಸನೆ ಉಳಿಯಬೇಕು. ಹಿತಕಿದ ಬೇಳೆಯ ಸಾರಿಗೆ ಬೇರೆ ಕಾಲದಲ್ಲಿ ಸಿಗುವ ಕಾಯಿ ಸಲ್ಲದು.

ನಮ್ಮ ಊರಿನದೇ ಆದ ಕಾಫಿಪುಡಿಯನ್ನು ಕೊಳ್ಳುವಾಗ ಚಿಕೋರಿಯ ಪ್ರಮಾಣ ಓದಿರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಶೇಕಡಾವರೆಗೆ ಇರಬಹುದೆಂದು ಕಾನೂನು ಒಪ್ಪುತ್ತದೆ. ಆ ಅಂಕಿ ಪೊಟ್ಟಣದ ಮೇಲೆ ಇರಲೇಬೇಕು. ಬಾಬಾಬುಡನ್‌ಗಿರಿಯ ಹೆಸರು ದಪ್ಪ ಅಕ್ಷರದಲ್ಲಿಯೂ ಚಿಕೋರಿಯ ಅಂಕಿ ಸಣ್ಣ ಅಕ್ಷರದಲ್ಲಿಯೂ ಇದ್ದ ಒಂದು ಪೊಟ್ಟಣವನ್ನು ನಾನೇ ಒಮ್ಮೆ ತಂದು, ಅರ್ಧ ದುಡ್ಡನ್ನು ಕಾಫಿಯಲ್ಲದ್ದಕ್ಕೆ ಕೊಟ್ಟೆನಲ್ಲ ಎಂದು ಬಹಳ ಬೇಸರಪಟ್ಟಿದ್ದೆ. ಕಾಳುಮೆಣಸನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ: ಬಲಿತ ಮೆಣಸು ತಳಕ್ಕಿಳಿಯುತ್ತದೆ, ಜೊಳ್ಳು ಮೆಣಸೂ ಬೆರೆಸಿದ ಪರಂಗಿ ಬೀಜವೂ ತೇಲುತ್ತವೆ.

ಇನ್ನೊಂದು ಪದ್ಧತಿ ನಮ್ಮಲ್ಲಿ ಚೆನ್ನಾಗಿ ನಡೆಯುತ್ತಿದೆ. ಸದಸ್ಯರು ಗುರುವಾರ ಸಂಜೆಯೊಳಗೆ ವಾರದ ಸೊಪ್ಪು ತರಕಾರಿಯ ಚೀಟಿ ಕೊಡುತ್ತಾರೆ, ಶುಕ್ರವಾರ ರೈತರು ಕೊಯ್ಯುತ್ತಾರೆ, ಶನಿವಾರ ಬೆಳಿಗ್ಗೆ ನಾವು ಒಯ್ಯುತ್ತೇವೆ. ಬಾಡಿ ಎಸೆಯುವ ಸೊಪ್ಪಿನ ನಷ್ಟ ತಪ್ಪಿದ್ದರಿಂದ ಮಳಿಗೆಯವರು ಬೆಲೆಯನ್ನೂ ಇಳಿಸಿದರು. ಕುವೆಂಪುನಗರದ ಸಹೋದರರಂತಹ ಸಂಸಾರಸ್ಥರಿಗೆ ಇದರಿಂದ ಅನುಕೂಲವಾದೀತು.

ಪ್ರಶ್ನೆ ಕೇಳಿದವರ ಮಾರುತ್ತರ
ವಿದ್ಯಾನಗರದ ಗೃಹಿಣಿ, ಹಾಸನ

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾಜಿ ನಿರ್ದೇಶಕರ ಮಾತಿನಂತೆ ಸೋಮವಾರ ಹೋಗಿ ಷೇರಿನ ಹಣ ಕಟ್ಟಿ ರಸೀದಿ ಪಡೆದೆ. ಕಾರ್ಯದರ್ಶಿಯವರಿಗೆ ಅರ್ಜಿ ಕೊಟ್ಟಾಗ ಅವರು ಬೇಸರಪಡದೆ, ಖರೀದಿ ಪುಸ್ತಕವನ್ನು ತಾವೇ ತೆರೆದು ತೋರಿಸಿದರು. ಅಕ್ಕಿ, ರಾಗಿ, ತೆಂಗಿನಕಾಯಿ, ಏಲಕ್ಕಿಗಳ ಮುಂದೆ ರೈತರ ಹೆಸರು ಮತ್ತು ಊರು ಸ್ಪಷ್ಟವಾಗಿ ಬರೆದಿದ್ದವು. ಆಲೂಗಡ್ಡೆ, ಬೆಲ್ಲ ಮತ್ತು ಬೆಳ್ಳುಳ್ಳಿಯ ಮುಂದೆ ಮಂಡಿಯ ಬಿಲ್ಲಿನ ಸಂಖ್ಯೆಗಳು ಮಾತ್ರ ಇದ್ದವು. ಆ ಮೂರನ್ನು ಮರುದಿನವೇ ಆಚೆ ಬದಿಯ ಕಪಾಟಿಗೆ ಸಾಗಿಸಿ ‘ಹೊರಗಿನದು’ ಎಂದು ಬರೆಸಿದ್ದಾರೆ. ಖರೀದಿ ಬೆಲೆಯನ್ನು ಹಲಗೆಯ ಮೇಲೆ ಬರೆಯುವುದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕೆಂದರು. ಅದನ್ನು ಸೆಪ್ಟೆಂಬರಿನ ಸಭೆಯ ವಿಷಯಪಟ್ಟಿಗೆ ಸೇರಿಸಲು ಬರೆದುಕೊಂಡಿದ್ದಾರೆ. ಭತ್ತವಾಗಿಯೇ ಇಟ್ಟು ತಿಂಗಳಿಗೊಮ್ಮೆ ಮಿಲ್ಲು ಮಾಡಿಸುವ ವಿಚಾರವನ್ನೂ ಹೇಳಿದೆ. ಜಾಗದ ಕೊರತೆ ಇದೆಯಂತೆ, ವಿಚಾರ ಮಾಡುತ್ತೇವೆ ಎಂದರು.

ಆಲೂರಿನ ಅಣ್ಣನವರಿಗೆ ಒಂದು ಮಾತು: ತಾವು ಬರೆದದ್ದನ್ನು ನಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಅಂಗಮಾರಿಯ ಸಾಲುಗಳು ಬಂದಾಗ, ಅವರ ತವರಿನ ಹೊಲವೂ ಒಂದು ವರ್ಷ ಹಾಗೆಯೇ ಕರಕಾಗಿ ಹೋದದ್ದನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನಾದರು. ಆಗಸ್ಟ್‌ನಲ್ಲಿ ಹೊಸ ಗಡ್ಡೆ ಮಳಿಗೆಗೆ ಬಂದ ದಿನ ಅತ್ತೆಯವರು ಸ್ವತಃ ಬಂದು ಗೋಲಿ ಗಾತ್ರದವನ್ನು ಆರಿಸಿಕೊಳ್ಳುವುದಾಗಿ ಹೇಳಿದ್ದಾರೆ.